ಕ್ಷ-ಕಿರಣ ಪಟ್ಟಿಗಳಲ್ಲಿ ಕಪ್ಪು ಕುಳಿಗಳು: ಗುರುತಿಸಿದ್ದೆಷ್ಟು, ಊಹಿಸಿದ್ದೆಷ್ಟು?

2024ರ ಜನವರಿ 31ರಂದು ಇರೊಸೀಟ ದೂರದರ್ಶಕದ ಜರ್ಮನ್ ತಂಡ ತನ್ನ ಮೊದಲ ಆಕಾಶ ಸಮೀಕ್ಷೆಯ ಮಾಹಿತಿಯನ್ನು ಎಲ್ಲರಿಗೂ ತೆರೆದಿಟ್ಟಿತು. ಅರ್ಧ ಆಕಾಶದಲ್ಲಿ ಸುಮಾರು 9 ಲಕ್ಷ ಕ್ಷ-ಕಿರಣ ಆಕರಗಳು. ಅವುಗಳಲ್ಲಿ ಸುಮಾರು 7,10,000 ದೂರದ ಗ್ಯಾಲಕ್ಸಿಗಳ ಕೇಂದ್ರದಲ್ಲಿರುವ ದೈತ್ಯ ಕಪ್ಪು ಕುಳಿಗಳು, 1,80,000 ನಮ್ಮ ಆಕಾಶಗಂಗೆಯ ನಕ್ಷತ್ರಗಳು, 12,000 ಗ್ಯಾಲಕ್ಸಿ ಗುಚ್ಛಗಳು, ಅಲ್ಪ ಸಂಖ್ಯೆಯಲ್ಲಿ ಇತರ ವಿಶೇಷ ಕಾಯಗಳು. ಅಂದಿನ ಪ್ರಕಟಣೆ ಕೊಟ್ಟ ಲೆಕ್ಕ ಇದು. ಚಂದ್ರ ಮತ್ತು ಎಕ್ಸ್‌ಎಂಎಂ-ನ್ಯೂಟನ್ ಎಂಬ ಎರಡು ಹೆಸರಾಂತ ಕ್ಷ-ಕಿರಣ ವೀಕ್ಷಣಾಲಯಗಳು ಸುಮಾರು 25 ವರ್ಷಗಳಲ್ಲಿ ಕಂಡದ್ದಕ್ಕಿಂತ ಹೆಚ್ಚು ಆಕರಗಳನ್ನು ಇದು ಆರೇ ತಿಂಗಳಲ್ಲಿ ಕಂಡಿತು. ಸಾಧನೆ ದೊಡ್ಡದು, ಸಂದೇಹವಿಲ್ಲ.

ಈಗ ಆ ಮೂರು ಸಂಖ್ಯೆಗಳನ್ನು ಕೂಡಿಸಿ ನೋಡಿ. 9,02,000 ಬರುತ್ತದೆ. ಅಂದರೆ ಕಂಡದ್ದಕ್ಕೆಲ್ಲ ಹೆಸರು ಸಿಕ್ಕಿದಂತಾಯಿತು. 'ಇದು ಏನೆಂದು ತಿಳಿಯದು' ಎಂಬ ಕಾಲಂ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹಾಜರಿ ಪುಸ್ತಕದಲ್ಲಿ ವರ್ಷವಿಡೀ ಒಬ್ಬ ವಿದ್ಯಾರ್ಥಿಯೂ ಗೈರಾಗಿಲ್ಲ ಎಂದು ಬರೆದಿದ್ದರೆ ಯಾವ ಮುಖ್ಯೋಪಾಧ್ಯಾಯರೂ ಒಮ್ಮೆ ಕನ್ನಡಕ ಸರಿಪಡಿಸಿಕೊಂಡು ನೋಡುತ್ತಾರೆ. ಈ ಲೆಕ್ಕವನ್ನೂ ಹಾಗೆಯೇ ನೋಡಬೇಕು. ಲೆಕ್ಕ ಸುಳ್ಳು ಎಂದಲ್ಲ. 'ಗುರುತಿಸಲಾಗಿದೆ' ಎಂಬ ಒಂದೇ ಪದದೊಳಗೆ ನಾಲ್ಕಾರು ಬಗೆಯ ಖಚಿತತೆಗಳು ಅಡಗಿ ಕುಳಿತಿವೆ. ಅವುಗಳನ್ನು ಬೇರೆ ಬೇರೆಯಾಗಿ ನೋಡುವುದು ಈ ಲೇಖನದ ಉದ್ದೇಶ. ಇಂಥ ಪಟ್ಟಿಗಳು ಇಂದು ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತವೆ, ಎಂ.ಎಸ್ಸಿ. ವಿದ್ಯಾರ್ಥಿಗಳು ಅವನ್ನು ಇಳಿಸಿಕೊಂಡು ಪ್ರಾಜೆಕ್ಟ್ ಮಾಡುತ್ತಾರೆ. ಆದ್ದರಿಂದ ಇದು ಬರಿಯ ಪದದ ಜಗಳವಲ್ಲ.

ಏನನ್ನು ಹುಡುಕುತ್ತಿದ್ದೇವೆ?

ಬಹುತೇಕ ಎಲ್ಲ ದೊಡ್ಡ ಗ್ಯಾಲಕ್ಸಿಗಳ ನಡುವೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ಸೂರ್ಯರ ರಾಶಿಯ ಕಪ್ಪು ಕುಳಿ ಇರುತ್ತದೆ. ನಮ್ಮ ಆಕಾಶಗಂಗೆಯಲ್ಲಿರುವಂತೆ ಅದು ಹೆಚ್ಚಾಗಿ ಸುಮ್ಮನಿರುತ್ತದೆ. ಸುತ್ತಲಿನ ಅನಿಲ ಒಳಗೆ ಬೀಳತೊಡಗಿದಾಗ ಕಥೆ ಬದಲಾಗುತ್ತದೆ. ಅನಿಲ ತಟ್ಟೆಯಂತೆ ಹರಡಿ ಸುತ್ತುತ್ತ ಕಾಯುತ್ತದೆ. ಅತಿನೇರಿಳೆ ಕಿರಣ ಸೂಸುತ್ತದೆ. ತಟ್ಟೆಯ ಒಳಭಾಗದ ಬಳಿ ಇರುವ ಅತಿ ಬಿಸಿಯಾದ ಎಲೆಕ್ಟ್ರಾನುಗಳ ಮೋಡ ಈ ಕಿರಣಗಳಿಗೆ ಇನ್ನಷ್ಟು ಶಕ್ತಿ ತುಂಬಿ ಕ್ಷ-ಕಿರಣಗಳನ್ನಾಗಿ ಮಾಡುತ್ತದೆ. ಇದೇ ಸಕ್ರಿಯ ಗ್ಯಾಲಕ್ಸಿ ಕೇಂದ್ರ. ಕ್ವೇಸಾರ್, ಸೀಫರ್ಟ್ ಗ್ಯಾಲಕ್ಸಿ ಎಂಬ ಹೆಸರುಗಳೆಲ್ಲ ಈ ಕುಟುಂಬದವೇ.

ಇವುಗಳನ್ನು ಹುಡುಕಲು ಕ್ಷ-ಕಿರಣ ಒಳ್ಳೆಯ ದಾರಿ. ಸಾಮಾನ್ಯ ಗ್ಯಾಲಕ್ಸಿಯೊಂದರ ಎಲ್ಲ ಕ್ಷ-ಕಿರಣ ಯಮಳ ನಕ್ಷತ್ರಗಳನ್ನೂ ಬಿಸಿ ಅನಿಲವನ್ನೂ ಒಟ್ಟುಗೂಡಿಸಿದರೂ ಅದರ ಕ್ಷ-ಕಿರಣ ಸಾಮರ್ಥ್ಯ 1ರ ಮುಂದೆ 35 ಸೊನ್ನೆ ಇಟ್ಟಷ್ಟು ವಾಟ್ ದಾಟುವುದು ಅಪರೂಪ. ಸೂರ್ಯ ಸೂಸುವ ಒಟ್ಟು ಶಕ್ತಿಗೆ ಹೋಲಿಸಿದರೆ ಇದು ಸುಮಾರು 26 ಕೋಟಿ ಸೂರ್ಯರಿಗೆ ಸಮ. ಅದಕ್ಕಿಂತ ಸಾಕಷ್ಟು ಮೇಲಿದ್ದರೆ ಒಳಗೆ ಕಪ್ಪು ಕುಳಿಯೊಂದು ಉಣ್ಣುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು.

ತೊಂದರೆ ಎಲ್ಲಿದೆ ನೋಡಿ. ಸಾಮರ್ಥ್ಯ ತಿಳಿಯಲು ದೂರ ತಿಳಿದಿರಬೇಕು. ಮಂಕಾದ ಕ್ಷ-ಕಿರಣ ಆಕರದಿಂದ ಬರುವ ಬೆರಳೆಣಿಕೆಯ ಫೋಟಾನುಗಳಲ್ಲಿ ದೂರದ ಸುಳಿವು ಸಾಮಾನ್ಯವಾಗಿ ಇರುವುದಿಲ್ಲ. ಇರೊಸೀಟ ತನ್ನ ಮೊದಲ ಸಮೀಕ್ಷೆಯಲ್ಲಿ ಹಿಡಿದದ್ದು 17 ಕೋಟಿ ಫೋಟಾನು. 9 ಲಕ್ಷಕ್ಕೆ ಹಂಚಿದರೆ ಒಂದಕ್ಕೆ 190ರಷ್ಟು ಬರುತ್ತದಲ್ಲ ಎನ್ನಬೇಡಿ. ಅವುಗಳಲ್ಲಿ ದೊಡ್ಡ ಪಾಲು ಆಕಾಶದ ತುಂಬ ಹರಡಿದ ಹಿನ್ನೆಲೆಯ ಮಸುಕು ಬೆಳಕಿನದು. ಬಹುಪಾಲು ಆಕರಗಳ ಪಾಲಿಗೆ ಉಳಿಯುವುದು ಕೆಲವೇ ಕೆಲವು. ಅಷ್ಟರಿಂದ ತಿಳಿಯುವುದು ಆಕರದ ವಿಳಾಸ ಮಾತ್ರ, ಅದೂ ಅಂದಾಜಿನ ವಿಳಾಸ. ಹತ್ತಿರದ ನಕ್ಷತ್ರವೊಂದರ ಕಿರೀಟವೂ ಐನೂರು ಕೋಟಿ ಜ್ಯೋತಿರ್ವರ್ಷ ಆಚೆಯ ಕ್ವೇಸಾರೂ ಆ ಚಿತ್ರದಲ್ಲಿ ಒಂದೇ ಬಗೆಯ ಚುಕ್ಕೆ.

ಹಾಗಾಗಿ ಕೆಲಸ ಮೂರು ಹಂತಗಳದ್ದು. ವಿಳಾಸದಲ್ಲಿರುವ ಬೆಳಕಿನ ಕಾಯ ಯಾವುದು ಎಂದು ಪತ್ತೆ ಹಚ್ಚಬೇಕು. ಅದರ ದೂರ ತಿಳಿಯಬೇಕು. ಆಮೇಲೆ ಅದು ಯಾವ ಜಾತಿ ಎಂದು ತೀರ್ಮಾನಿಸಬೇಕು. ಮೂರೂ ಮುಗಿದಾಗ ಮಾತ್ರ 'ಗುರುತಿಸಿದೆವು' ಎನ್ನಲು ಹಕ್ಕು ಬರುತ್ತದೆ. ಮೊದಲ ಹಂತದಲ್ಲಿ ತಪ್ಪಿದರೆ ಉಳಿದೆರಡು ಎಷ್ಟೇ ನಿಖರವಾಗಿದ್ದರೂ ಬೇರೊಬ್ಬರ ಜಾತಕವನ್ನು ಚೆನ್ನಾಗಿ ಬರೆದಂತೆ.

ಒಂದೊಂದಾಗಿ ನೋಡುತ್ತಿದ್ದ ಕಾಲ

ಮೊದಲು ಹೀಗೆ ಅವಸರವಿರಲಿಲ್ಲ. 1970ರ ಡಿಸೆಂಬರ್ 12ರಂದು ಕೆನ್ಯಾದ ಕರಾವಳಿಯಿಂದ ಹಾರಿದ ಉಹುರು ಉಪಗ್ರಹದ ಕೊನೆಯ ಪಟ್ಟಿಯಲ್ಲಿ ಇದ್ದದ್ದು 339 ಆಕರ. 1978ರಲ್ಲಿ ಮೇಲೇರಿದ ಐನ್‌ಸ್ಟೈನ್ ವೀಕ್ಷಣಾಲಯ ತನ್ನ ಚಿತ್ರಗಳಲ್ಲಿ ಅಕಸ್ಮಾತ್ತಾಗಿ ಕಂಡ 835 ಆಕರಗಳನ್ನು ಒಂದು ಪಟ್ಟಿ ಮಾಡಿತು. ಆ 835ರ ಹಿಂದೆ ಬಿದ್ದು, ದೊಡ್ಡ ದೂರದರ್ಶಕಗಳಲ್ಲಿ ಒಂದೊಂದರ ರೋಹಿತ ತೆಗೆದು, ಯಾವುದು ಯಾವುದೆಂದು ಹೇಳುವ ಹೊತ್ತಿಗೆ 1991 ಬಂದಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಸಕ್ರಿಯ ಗ್ಯಾಲಕ್ಸಿ ಕೇಂದ್ರಗಳು ಎಂದು ತಿಳಿಯಿತು. ರೋಹಿತದಲ್ಲಿ ಅಗಲವಾದ ಜಲಜನಕದ ರೇಖೆ ಕಂಡರೆ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ ಎಂದು ಅರ್ಥ. ಕೆಂಪು ಪಲ್ಲಟ ದೂರವನ್ನು ಹೇಳುತ್ತದೆ. ವಾದಕ್ಕೆ ಎಡೆಯಿಲ್ಲ.

7,10,000 ಆಕರಗಳಿಗೆ ಇದೇ ಕ್ರಮ ಅನುಸರಿಸಲಾದೀತೇ? ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆಂಬುದು ನಿಮಗೆ ಗೊತ್ತಿರಬಹುದು. ಅಂಥ ದೂರದರ್ಶಕದಲ್ಲಿ ರಾತ್ರಿಗೆ ಹತ್ತು ರೋಹಿತ ಎಂದಿಟ್ಟುಕೊಳ್ಳಿ. ಒಂದು ರಾತ್ರಿಯೂ ಮೋಡ ಬಾರದು ಎಂದೂ ಇಟ್ಟುಕೊಳ್ಳಿ. ಆಗಲೂ 194 ವರ್ಷ ಬೇಕು. ಒಂದೇ ಸಲಕ್ಕೆ ನೂರಾರು ನಾರುಗಳಿಂದ ನೂರಾರು ರೋಹಿತ ತೆಗೆಯುವ ಸ್ಲೋನ್ ಸಮೀಕ್ಷೆಯಂಥ ಏರ್ಪಾಡುಗಳು ಈ ಕೆಲಸಕ್ಕೆ ಇಳಿದಿವೆ. ಆದರೂ ಪಟ್ಟಿ ಉದ್ದವಾಗುವ ವೇಗಕ್ಕೆ ರೋಹಿತದ ವೇಗ ಸಾಟಿಯಲ್ಲ. ಆದ್ದರಿಂದ ಸಂಭವನೀಯತೆಯ ಮೊರೆ ಹೋಗಬೇಕಾಯಿತು. ಇದರಲ್ಲಿ ತಪ್ಪೇನೂ ಇಲ್ಲ. ಅದನ್ನು ಬಳಸಿದ ಮೇಲೆ ಮರೆಯುವುದು ತಪ್ಪು.

ಬಳೆ, ಉಂಗುರ, ರಾಗಿ, ಸಾಸಿವೆ

ಮೊದಲ ಹಂತ ಏಕೆ ಕಷ್ಟ ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಒಂದು ಡಿಗ್ರಿಯಲ್ಲಿ 3,600 ಕೋನ ಸೆಕೆಂಡು. ಒಂದು ಚದರ ಡಿಗ್ರಿಯಲ್ಲಿ 1,29,60,000 ಚದರ ಸೆಕೆಂಡು. ಆಳವಾದ ಚಿತ್ರವೊಂದರಲ್ಲಿ ಚದರ ಡಿಗ್ರಿಗೆ ಒಂದು ಲಕ್ಷ ಕಾಯಗಳು ಕಾಣುತ್ತವೆ ಎಂದು ಭಾವಿಸಿ. ಕ್ಷ-ಕಿರಣದ ವಿಳಾಸ 30 ಸೆಕೆಂಡು ತ್ರಿಜ್ಯದ ವೃತ್ತದಷ್ಟು ಅಸ್ಪಷ್ಟವಾಗಿದ್ದರೆ ಅದರೊಳಗೆ ಸರಾಸರಿ 22 ಕಾಯಗಳು ಸುಮ್ಮನೆ ಬಂದು ಬಿದ್ದಿರುತ್ತವೆ. 5 ಸೆಕೆಂಡಾದರೆ 0.6. ಚಂದ್ರ ವೀಕ್ಷಣಾಲಯದಂತೆ 1 ಸೆಕೆಂಡಾದರೆ 40 ವೃತ್ತಗಳಲ್ಲಿ ಒಂದರಲ್ಲಿ ಮಾತ್ರ ಇಂಥ ಆಗಂತುಕ. 1990ರಲ್ಲಿ ಹಾರಿದ ರೊಸಾಟ್ ಸಮೀಕ್ಷೆಯ ಮಂಕು ಆಕರಗಳು ಮೊದಲ ಬಗೆಯವು. ಇರೊಸೀಟದವು ಎರಡನೆಯ ಬಗೆಗೆ ಹತ್ತಿರ.

ಶಾಲೆಯಲ್ಲಿ ಇದನ್ನು ಮಾಡಿ ತೋರಿಸಬಹುದು. ದೊಡ್ಡ ಹಾಳೆಯ ಮೇಲೆ ಒಂದು ಹಿಡಿ ರಾಗಿ ಚೆಲ್ಲಿ. ಕಣ್ಣು ಮುಚ್ಚಿಕೊಂಡು ಒಂದು ಬಳೆಯನ್ನು, ಆಮೇಲೆ ಒಂದು ಉಂಗುರವನ್ನು ಅದರ ಮೇಲೆ ಎಸೆಯಿರಿ. ಬಳೆಯೊಳಗೆ ಎಷ್ಟು ಕಾಳು, ಉಂಗುರದೊಳಗೆ ಎಷ್ಟು ಎಂದು ಎಣಿಸಿ. ಈಗ ರಾಗಿಯ ನಡುವೆ ಹತ್ತಿಪ್ಪತ್ತು ಸಾಸಿವೆ ಕಾಳು ಬೆರೆಸಿ. ನಿಮ್ಮ ಕ್ಷ-ಕಿರಣ ಸೂಸುವವು ಹೆಚ್ಚಾಗಿ ಸಾಸಿವೆಗಳೇ ಎಂದು ಮೊದಲೇ ಗೊತ್ತಿದ್ದರೆ, ಬಳೆಯೊಳಗೆ ಇಪ್ಪತ್ತು ರಾಗಿ ಒಂದು ಸಾಸಿವೆ ಇದ್ದಾಗ ಬೆರಳು ಸಾಸಿವೆಯ ಮೇಲೆ ಹೋಗುತ್ತದೆ. ಇದನ್ನೇ ಗಣಿತದಲ್ಲಿ ಹೇಳಿದರೆ ಸಂಭವ ಅನುಪಾತ ವಿಧಾನ. 1992ರಲ್ಲಿ ಸದರ್‌ಲೆಂಡ್ ಮತ್ತು ಸಾಂಡರ್ಸ್ ಅದಕ್ಕೆ ಒಂದು ಒಪ್ಪವಾದ ರೂಪ ಕೊಟ್ಟರು. ವೃತ್ತದ ನಡುವಿನಿಂದ ಕಾಯ ಎಷ್ಟು ದೂರ, ಅಷ್ಟು ಪ್ರಕಾಶದ ಕಾಯಗಳು ಆಕಾಶದಲ್ಲಿ ಎಷ್ಟು ವಿರಳ, ಕ್ಷ-ಕಿರಣ ಆಕರಗಳಲ್ಲಿ ಅಂಥವು ಎಷ್ಟು ಸಾಮಾನ್ಯ ಎಂಬ ಮೂರು ಪ್ರಶ್ನೆಗಳ ಉತ್ತರಗಳನ್ನು ಅದು ಒಂದೇ ಸಂಖ್ಯೆಗೆ ಇಳಿಸುತ್ತದೆ.

ಸಕ್ರಿಯ ಕೇಂದ್ರಗಳ ಸುತ್ತಲಿನ ಬಿಸಿ ದೂಳು ಅವಕೆಂಪು ಕಿರಣಗಳಲ್ಲಿ ವಿಶಿಷ್ಟ ಬಣ್ಣ ತೋರುವುದರಿಂದ 'ಸಾಸಿವೆ'ಯನ್ನು ಬಣ್ಣದಿಂದ ಹಿಡಿಯುವುದು ಈಗ ಸುಲಭವಾಗಿದೆ. ಆದರೆ ಇನ್ನೊಂದು ಪ್ರಯೋಗವನ್ನೂ ಮಾಡಿ. ಬಳೆಯನ್ನು ಗುರಿಯಿಲ್ಲದೆ ನೂರು ಸಲ ಎಸೆಯಿರಿ. ಎಷ್ಟು ಸಲ ಸಾಸಿವೆ ತಾನಾಗಿ ಒಳಗೆ ಸಿಕ್ಕಿತು ಎಂದು ಬರೆದಿಡಿ. ನಿಮ್ಮ ವಿಧಾನದ ಸುಳ್ಳು ಗುರುತಿನ ಪ್ರಮಾಣ ಅದು. ಪಾಠ ಮಾಡುವವರು ಈ ಎರಡನೆಯ ಭಾಗವನ್ನು ಬಿಡಬಾರದು.

ಒಂದು ಒಳ್ಳೆಯ ಪ್ರಬಂಧ, ಒಂದು ಸಡಿಲ ಪದ

ಇರೊಸೀಟ ಇಡೀ ಆಕಾಶಕ್ಕೆ ಹೊರಡುವ ಮುನ್ನ, 2019ರ ನವೆಂಬರಿನಲ್ಲಿ, 140 ಚದರ ಡಿಗ್ರಿಯ ಒಂದು ತುಂಡನ್ನು ಆಳವಾಗಿ ನೋಡಿ ತನ್ನನ್ನು ಪರೀಕ್ಷಿಸಿಕೊಂಡಿತು. ಪೂರ್ಣಚಂದ್ರನ ಬಿಂಬದ ಸುಮಾರು 650 ಪಟ್ಟು ಜಾಗ ಅದು. ಅಲ್ಲಿ ಸಿಕ್ಕ ಚುಕ್ಕೆ ಆಕರಗಳಿಗೆ ಜೋಡಿ ಕಾಯಗಳನ್ನು ಹುಡುಕಿದ ಕೆಲಸವನ್ನು ಮಾರಾ ಸಾಲ್ವಾಟೋ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದರು. ಈ ಕ್ಷೇತ್ರದಲ್ಲಿ ಬಂದ ಅತ್ಯಂತ ಎಚ್ಚರದ ಪ್ರಬಂಧಗಳಲ್ಲಿ ಇದು ಒಂದು ಎಂದು ನನ್ನ ಅಭಿಪ್ರಾಯ. ಒಂದಲ್ಲ, ಎರಡು ಸ್ವತಂತ್ರ ವಿಧಾನಗಳಿಂದ ಹುಡುಕಿ ಫಲಿತಾಂಶಗಳನ್ನು ಎದುರುಬದುರು ಇಟ್ಟು ನೋಡಿದ್ದಾರೆ. ತಮ್ಮ ಸಂದೇಹಗಳನ್ನು ಬಚ್ಚಿಡದೆ ಪ್ರತಿ ಆಕರಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ಕೊಟ್ಟಿದ್ದಾರೆ. ಇಷ್ಟು ಪ್ರಾಮಾಣಿಕವಾದ ಕೃತಿಯಾದ್ದರಿಂದಲೇ ಅದನ್ನು ವಿಮರ್ಶಿಸಲು ಸಾಧ್ಯವಾಗುತ್ತದೆ.

ಅದರ ಸಾರಾಂಶ ಹೀಗಿದೆ: ಮುಖ್ಯ ಪಟ್ಟಿಯ 27,369 ಆಕರಗಳಲ್ಲಿ 24,774ಕ್ಕೆ, ಅಂದರೆ ನೂರಕ್ಕೆ 90.5ಕ್ಕೆ, ನಂಬಲರ್ಹ ಜೋಡಿ ಸಿಕ್ಕಿದೆ. ಆ ಜೋಡಿಗಳಲ್ಲಿ 2,695 ನಮ್ಮ ಆಕಾಶಗಂಗೆಯವು, 22,079 ಅದರ ಹೊರಗಿನವು.

ಈ 90.5ನ್ನು ಹಿಡಿದುಕೊಂಡು ಮುಂದೆ ಹೋಗುವ ಮೊದಲು ದರ್ಜೆಯ ಕಾಲಂ ನೋಡಿ. 'ನಂಬಲರ್ಹ' ಎಂದು ಎಣಿಸಿದ ಆಕರಗಳಲ್ಲಿ ಸುಮಾರು 2,500ಕ್ಕೆ ಅಷ್ಟೇ ಅರ್ಹತೆಯುಳ್ಳ ಎರಡನೆಯ ಜೋಡಿಯೂ ಇದೆ! ಸಾರಾಂಶದಲ್ಲೇ ಇದನ್ನು ಹೇಳಿದ್ದಾರೆ, ಮುಚ್ಚಿಟ್ಟಿಲ್ಲ. ಆದರೆ ಇಬ್ಬರು ಅಭ್ಯರ್ಥಿಗಳು ಸಮಾನ ಅಂಕ ಪಡೆದಿರುವಾಗ ಒಬ್ಬರ ಹೆಸರನ್ನು ಮೊದಲ ಸಾಲಿಗೆ ಬರೆದು ಅದನ್ನು 'ನಂಬಲರ್ಹ ಆಯ್ಕೆ' ಎನ್ನುವುದು ಭಾಷೆಯ ಸಡಿಲ ಬಳಕೆ. ಎರಡೂ ವಿಧಾನಗಳು ಒಂದೇ ಕಾಯದತ್ತ ಬೊಟ್ಟು ಮಾಡಿ, ಎರಡರ ಮಾಪನದಲ್ಲೂ ತೇರ್ಗಡೆಯಾದ ನಾಲ್ಕನೆಯ ದರ್ಜೆಯವನ್ನು ಮಾತ್ರ ಎಣಿಸಿದರೆ ಸುಮಾರು 20,900. ನೂರಕ್ಕೆ 76. ಅದೇ ಪಟ್ಟಿ, ಅದೇ ಪ್ರಬಂಧ. ನೂರಕ್ಕೆ 90 ಎಂದೂ ಹೇಳಬಹುದು, 76 ಎಂದೂ ಹೇಳಬಹುದು. ಹತ್ತು ಜನ ಉಲ್ಲೇಖಿಸುವಾಗ ಎಂಟು ಜನ 90ನ್ನೇ ಆರಿಸಿಕೊಳ್ಳುತ್ತಾರೆ ಎಂದು ಹೇಳಲು ಯಾವ ದೂರದರ್ಶಕವೂ ಬೇಡ.

ಇನ್ನೊಂದು ಜಾರುವಿಕೆ ಇದೆ. ಪ್ರಬಂಧ ಹೇಳುವುದು 'ಆಕಾಶಗಂಗೆಯ ಹೊರಗಿನವು' ಎಂದು. 'ಸಕ್ರಿಯ ಗ್ಯಾಲಕ್ಸಿ ಕೇಂದ್ರಗಳು' ಎಂದಲ್ಲ. ಹೊರಗಿನವುಗಳಲ್ಲಿ ಸುಮಾರು 340 ಚುಕ್ಕೆಯಂತೆ ಕಾಣುವ ಗ್ಯಾಲಕ್ಸಿ ಗುಚ್ಛಗಳಾಗಿರಬಹುದು ಅಥವಾ ಗುಚ್ಛದ ಸದಸ್ಯರಾಗಿರಬಹುದು ಎಂದೂ ಬರೆದಿದ್ದಾರೆ. ಬಹುಪಾಲು ಸಕ್ರಿಯ ಕೇಂದ್ರಗಳೇ ಇರಬೇಕು, ಒಪ್ಪೋಣ. ಆದರೆ 'ಹೊರಗಿನದು' ಎಂಬುದು ಎರಡನೆಯ ಬಾಯಿಗೆ ಬಂದಾಗ 'ಸಕ್ರಿಯ ಕೇಂದ್ರ'ವಾಗಿ, ಮೂರನೆಯ ಬಾಯಿಗೆ 'ದೈತ್ಯ ಕಪ್ಪು ಕುಳಿ'ಯಾಗಿ, ಪತ್ರಿಕೆಗೆ ಬರುವಾಗ 'ಪತ್ತೆಯಾದ ಕಪ್ಪು ಕುಳಿ'ಯಾಗಿ ಬೆಳೆಯುತ್ತದೆ. ಬಹುಪಾಲು ಆಕರಗಳ ದೂರವೂ ರೋಹಿತದಿಂದ ಬಂದದ್ದಲ್ಲ. ಹಲವು ಬಣ್ಣದ ಶೋಧಕಗಳಲ್ಲಿ ತೆಗೆದ ಚಿತ್ರಗಳಿಂದ ಅಂದಾಜಿಸಿದ್ದು. ಅವಕೆಂಪಿನ ಆಳವಾದ ಚಿತ್ರಗಳು ಇರುವ ಭಾಗದಲ್ಲಿ ಮಾತ್ರ ಈ ಅಂದಾಜು ಹೆಚ್ಚು ಭರವಸೆಯದು ಎಂದು ಲೇಖಕರೇ ಎಚ್ಚರಿಸಿದ್ದಾರೆ.

ಅದೇ ಗೈಡಿನಿಂದ ಪ್ರಶ್ನೆಪತ್ರಿಕೆ

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಇದು ಒಂದು ಪ್ರಬಂಧದ ಮೇಲಿನದಲ್ಲ, ಒಂದು ರೂಢಿಯ ಮೇಲಿನದು.

'ಸಾಸಿವೆ ಹೇಗಿರುತ್ತದೆ' ಎಂದು ಗಣಕಕ್ಕೆ ಯಾರು ಕಲಿಸಿದರು? ಎಕ್ಸ್‌ಎಂಎಂ-ನ್ಯೂಟನ್‌ನಂಥ ದೂರದರ್ಶಕಗಳು ಹಿಂದೆ ಕಂಡಿದ್ದ, ಜೋಡಿ ಗೊತ್ತಿದ್ದ ಸುಮಾರು 23,000 ಆಕರಗಳನ್ನು ತೋರಿಸಿ ತರಬೇತಿ ಕೊಟ್ಟರು. ಕಲಿತದ್ದು ಸರಿಯೇ ಎಂದು ಹೇಗೆ ಪರೀಕ್ಷಿಸಿದರು? ಚಂದ್ರ ವೀಕ್ಷಣಾಲಯದ ಆಕರಗಳಿಗೆ ಇರೊಸೀಟದಷ್ಟೇ ಅಸ್ಪಷ್ಟ ವಿಳಾಸ ಕೊಟ್ಟು, ಗಣಕ ನಿಜವಾದ ಜೋಡಿಯನ್ನು ಹುಡುಕುತ್ತದೆಯೇ ಎಂದು ನೋಡಿದರು. ಜಾಣ ಪರೀಕ್ಷೆ. ಸಾಲದ ಪರೀಕ್ಷೆ ಎಂದೂ ಹೇಳಬೇಕು. ತರಬೇತಿಯ ಗುಂಪೂ ಪರೀಕ್ಷೆಯ ಗುಂಪೂ ಬಂದದ್ದು ಒಂದೇ ಬಗೆಯ ಸಮೀಕ್ಷೆಗಳಿಂದ. ಜೋಡಿ ಸಿಗದೆ ಉಳಿದ ಹಳೆಯ ಆಕರಗಳು ಎರಡರಲ್ಲೂ ಇರುವುದಿಲ್ಲ. ಯಾವ ಗೈಡಿನಿಂದ ಪಾಠ ಹೇಳಿದೆವೋ ಅದೇ ಗೈಡಿನಿಂದ ಪ್ರಶ್ನೆಪತ್ರಿಕೆ ತೆಗೆದರೆ ಅಂಕ ಚೆನ್ನಾಗಿಯೇ ಬರುತ್ತದೆ.

ಇದರ ಪರಿಣಾಮ ಸೂಕ್ಷ್ಮವಾದದ್ದು. ಕಾಣದ ನೆಂಟರೊಬ್ಬರನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋಗಿದ್ದೀರಿ. ನಿವೃತ್ತ ಮೇಷ್ಟ್ರು ಎಂದಷ್ಟೇ ತಿಳಿದಿದೆ. ಬಿಳಿ ಪಂಚೆ, ಕೈಯಲ್ಲಿ ಕೊಡೆ ಹಿಡಿದವರೊಬ್ಬರು ಕಂಡರೆ ಅವರತ್ತ ಹೋಗುತ್ತೀರಿ. ಹತ್ತರಲ್ಲಿ ಒಂಬತ್ತು ಸಲ ನಿಮ್ಮ ಊಹೆ ಸರಿಯಾದೀತು. ಆದರೆ ಬಂದವರು ಜೀನ್ಸ್ ತೊಟ್ಟ ಮೇಷ್ಟ್ರಾಗಿದ್ದರೆ? ತಪ್ಪು ಗುರುತಾಗುವುದು ಅಂಥವರೇ. ಈ ವಿಧಾನದ ತಪ್ಪುಗಳು ಎಲ್ಲರ ಮೇಲೂ ಸಮನಾಗಿ ಹಂಚಿಹೋಗುವುದಿಲ್ಲ. ಅಪರೂಪದವರ ಮೇಲೆ ಮಾತ್ರ ಬೀಳುತ್ತವೆ. ಅತಿ ದೂರದ ಕ್ವೇಸಾರ್, ದೂಳಿನಲ್ಲಿ ಮುಳುಗಿ ಬೆಳಕಿನಲ್ಲಿ ಬಹು ಮಂಕಾಗಿರುವ ಕೇಂದ್ರ, ಇನ್ನೂ ಹೆಸರೇ ಇಡದ ಯಾವುದಾದರೂ ಬಗೆ. ಇಂಥ ಆಕರದ ವೃತ್ತದೊಳಗೆ ಪರಿಚಿತ ಬಣ್ಣದ ಮತ್ತೊಂದು ಕಾಯ ಇದ್ದುಬಿಟ್ಟರೆ ಗಣಕ ಅದನ್ನೇ ಆರಿಸುತ್ತದೆ, ದೊಡ್ಡ ಸಂಭವನೀಯತೆಯೊಂದಿಗೆ. ಆಮೇಲೆ ಹೊಸ ಪಟ್ಟಿಯನ್ನು ಹಳೆಯ ಪಟ್ಟಿಯೊಂದಿಗೆ ಹೋಲಿಸಿ 'ಇವುಗಳ ಬಣ್ಣ ಮೊದಲಿನವುಗಳಂತೆಯೇ ಇದೆ' ಎಂದು ಯಾರಾದರೂ ತೀರ್ಮಾನಿಸಿದರೆ, ಅವರು ಕನ್ನಡಿಯಲ್ಲಿ ನೋಡಿಕೊಂಡಂತಾಯಿತು.

ವಿಧಾನದ ಪರವಾಗಿಯೂ ಒಂದು ಮಾತು. ಇದಕ್ಕಿಂತ ಉತ್ತಮವಾದದ್ದು ನಮ್ಮ ಕೈಯಲ್ಲಿಲ್ಲ. ಬಣ್ಣ ನೋಡದೆ ಹತ್ತಿರದ ಕಾಯವನ್ನೇ ಆರಿಸುವ ಹಳೆಯ ಪದ್ಧತಿ ಇದಕ್ಕಿಂತ ಹೆಚ್ಚು ತಪ್ಪು ಮಾಡುತ್ತದೆ. ಪ್ರಖರವಾದ ಆಕರಗಳಲ್ಲಿ ತಪ್ಪು ಬಹಳ ಕಡಿಮೆ. ಗಯಾ ಉಪಗ್ರಹ ಅಳೆದ ಪಲ್ಲಟವಿರುವ ನಕ್ಷತ್ರಗಳ ವಿಷಯದಲ್ಲಂತೂ ಜೋಡಿ ಸರಿಯಿದ್ದರೆ ಅದು ನಮ್ಮ ಆಕಾಶಗಂಗೆಯದೇ ಎಂಬುದು ಖಚಿತ.

ಕಾಣದವರ ಲೆಕ್ಕ

ಪಟ್ಟಿಯಲ್ಲಿ ಇರುವವರ ಮಾತಾಯಿತು. ಪಟ್ಟಿಗೇ ಬಾರದವರು? ಇಲ್ಲಿ ದೊಡ್ಡ ವಿಷಯವೊಂದು ಪಣಕ್ಕಿದೆ. 1962ರ ಜೂನ್ 18ರಂದು ರಿಕಾರ್ಡೊ ಜಿಯಕೋನಿ ಮತ್ತು ಸಂಗಡಿಗರ ರಾಕೆಟ್ ಆಕಾಶದ ತುಂಬ ಹರಡಿದ ಕ್ಷ-ಕಿರಣದ ಹಿನ್ನೆಲೆ ಬೆಳಕನ್ನು ಕಂಡಿತು. ಅದು ಸಂಖ್ಯೆಯಿಲ್ಲದಷ್ಟು ದೂರದ ಸಕ್ರಿಯ ಕೇಂದ್ರಗಳ ಒಟ್ಟು ಬೆಳಕು ಎಂದು ಈಗ ತಿಳಿದಿದೆ. ಆದರೆ ಆ ಬೆಳಕಿನ ತೀವ್ರತೆ ಅತಿ ಹೆಚ್ಚಿರುವುದು 30 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನಲ್ಲಿ. ಮರೆಯಿಲ್ಲದ ಸಾಮಾನ್ಯ ಕ್ವೇಸಾರುಗಳನ್ನು ಎಷ್ಟು ಕೂಡಿಸಿದರೂ ಈ ಆಕಾರ ಬರುವುದಿಲ್ಲ. ದಟ್ಟ ಅನಿಲದ ಮರೆಯಲ್ಲಿದ್ದು, ಕಡಿಮೆ ಶಕ್ತಿಯ ಕ್ಷ-ಕಿರಣಗಳನ್ನು ಒಳಗೇ ನುಂಗಿಸಿಕೊಂಡು, ಹೆಚ್ಚು ಶಕ್ತಿಯವನ್ನು ಮಾತ್ರ ಹೊರಬಿಡುವ ಕೇಂದ್ರಗಳು ಬಹಳ ಸಂಖ್ಯೆಯಲ್ಲಿ ಇರಲೇಬೇಕು. ಸೆಟ್ಟಿ ಮತ್ತು ವೋಲ್ಟ್‌ಯೆರ್ 1989ರಲ್ಲೇ ಇದನ್ನು ಸೂಚಿಸಿದ್ದರು.

ಇರೊಸೀಟ ಚುರುಕಾಗಿರುವುದು 0.2ರಿಂದ 2.3 ಕಿಲೋ ಎಲೆಕ್ಟ್ರಾನ್ ವೋಲ್ಟಿನವರೆಗೆ. ಮರೆ ನುಂಗುವುದೂ ಅದನ್ನೇ. ಆ 140 ಚದರ ಡಿಗ್ರಿಯಲ್ಲಿ ಮುಖ್ಯ ಪಟ್ಟಿಗೆ 27,369 ಆಕರಗಳು ಬಂದರೆ 2.3ಕ್ಕಿಂತ ಮೇಲಿನ ಶಕ್ತಿಯಲ್ಲಿ ಸಿಕ್ಕವು 246. ಮೇಲಿನ ಶಕ್ತಿಯಲ್ಲಿ ಉಪಕರಣವೇ ಮಂದವಾದ್ದರಿಂದ ಈ ಅಂತರವನ್ನೆಲ್ಲ ಮರೆಯ ತಲೆಗೆ ಕಟ್ಟುವಂತಿಲ್ಲ. ಆದರೂ ತಾತ್ಪರ್ಯ ಸ್ಪಷ್ಟ: 7,10,000 ಎಂಬುದು ಎಲ್ಲ ಸಕ್ರಿಯ ಕೇಂದ್ರಗಳ ಜನಗಣತಿಯಲ್ಲ, ಮುಖ್ಯವಾಗಿ ಬಾಗಿಲು ತೆರೆದ ಮನೆಗಳ ಎಣಿಕೆ. 2012ರಲ್ಲಿ ಹಾರಿದ ನೂಸ್ಟಾರ್ 79 ಕಿಲೋ ಎಲೆಕ್ಟ್ರಾನ್ ವೋಲ್ಟಿನವರೆಗೆ ನೋಡಬಲ್ಲದು. ಆದರೆ ಅದರ ನೋಟದ ಕಿಟಕಿ ಚಿಕ್ಕದು.

ಇನ್ನೊಂದು ಬಗೆಯವರು ಪಟ್ಟಿಯಲ್ಲಿದ್ದೂ ಗುರುತು ಕೊಡದವರು. ಕ್ಷ-ಕಿರಣದಲ್ಲಿ ಪ್ರಖರ, ರೋಹಿತ ತೆಗೆದರೆ ಮಾತ್ರ ಏನೂ ನಡೆಯದ ಹಳೆಯ ಗ್ಯಾಲಕ್ಸಿ. ಪಿ3 ಎಂಬ ಆಕರ ಇದಕ್ಕೆ ಹೆಸರಾಂತ ನಿದರ್ಶನ. 2002ರಲ್ಲಿ ಕೊಮಾಸ್ಟ್ರಿ ಮತ್ತು ಸಂಗಡಿಗರು ಅದನ್ನು ವಿವರವಾಗಿ ಪರಿಶೀಲಿಸಿದರು. ದಟ್ಟ ಮರೆ ಕಾರಣವೋ, ಕೇಂದ್ರದ ಬೆಳಕು ಸುತ್ತಲಿನ ನಕ್ಷತ್ರಗಳ ಬೆಳಕಿನಲ್ಲಿ ಕರಗಿಹೋಗಿದೆಯೋ ಎಂಬ ಚರ್ಚೆ ನಡೆಯಿತು. ಅದೇ ವರ್ಷ ಮೊರಾನ್ ಮತ್ತು ಇಬ್ಬರು ಸಂಗಡಿಗರು ಒಂದು ಸರಳ ಉಪಾಯ ಮಾಡಿದರು. ನಮಗೆ ಹತ್ತಿರದ, ಸೀಫರ್ಟ್ ಎಂದು ಎಲ್ಲರೂ ಒಪ್ಪಿದ 18 ಗ್ಯಾಲಕ್ಸಿಗಳನ್ನು ತೆಗೆದುಕೊಂಡು, ಕೇಂದ್ರದ ಬದಲು ಇಡೀ ಗ್ಯಾಲಕ್ಸಿಯ ಬೆಳಕನ್ನು ಒಟ್ಟಾಗಿ ರೋಹಿತದರ್ಶಕಕ್ಕೆ ಹಾಯಿಸಿದರು. ದೂರದ ಗ್ಯಾಲಕ್ಸಿ ನಮಗೆ ಕಾಣುವುದು ಹಾಗೆಯೇ ತಾನೆ? ಹಾಗೆ ನೋಡಿದಾಗ ನೂರಕ್ಕೆ 60ರಷ್ಟು ಗ್ಯಾಲಕ್ಸಿಗಳು ಸೀಫರ್ಟ್ ಎಂದು ಗುರುತು ಸಿಗದಂತಾದವು! ರೋಹಿತವೂ ಕೊನೆಯ ಮಾತಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಸ್ನಾತಕೋತ್ತರ ತರಗತಿಗಳಲ್ಲಿ ಈ ಚಿಕ್ಕ ಪ್ರಬಂಧವನ್ನು ಓದಿಸಬೇಕು.

ಆಳವಾದ ಬಾವಿ, ಅಗಲವಾದ ಕೆರೆ

ಹೋಲಿಕೆಗಾಗಿ ಇನ್ನೊಂದು ತುದಿಯ ಕೆಲಸವನ್ನು ನೋಡಿ. ಚಂದ್ರ ವೀಕ್ಷಣಾಲಯ ದಕ್ಷಿಣ ಆಕಾಶದ ಒಂದೇ ತುಂಡನ್ನು ಒಟ್ಟು 70 ಲಕ್ಷ ಸೆಕೆಂಡು, ಅಂದರೆ ಸುಮಾರು 81 ದಿನಗಳಷ್ಟು ಹೊತ್ತು, ದಿಟ್ಟಿಸಿತು. ಆ ತುಂಡು ಪೂರ್ಣಚಂದ್ರನ ಬಿಂಬದ ಮೂರನೇ ಎರಡರಷ್ಟೂ ಇಲ್ಲ. 2017ರಲ್ಲಿ ಲುವೊ ಮತ್ತು ಸಂಗಡಿಗರು ಪ್ರಕಟಿಸಿದ ಅದರ ಮುಖ್ಯ ಪಟ್ಟಿಯಲ್ಲಿ 1,008 ಆಕರ. 992ಕ್ಕೆ ಜೋಡಿ ಸಿಕ್ಕಿದೆ. 986ರ ದೂರ ತಿಳಿದಿದೆ; ಅದರಲ್ಲಿ 653 ರೋಹಿತದಿಂದ, 333 ಬಣ್ಣದ ಅಂದಾಜಿನಿಂದ. ಸಕ್ರಿಯ ಕೇಂದ್ರ ಎಂದು ತೀರ್ಮಾನಿಸಿದ್ದು 711ನ್ನು. ಉಳಿದವು ಹೆಚ್ಚಾಗಿ ಸಾಮಾನ್ಯ ಗ್ಯಾಲಕ್ಸಿಗಳು.

ಇಲ್ಲಿ ನನಗೆ ಮೆಚ್ಚುಗೆಯಾಗುವುದು ಸಂಖ್ಯೆಗಳಿಗಿಂತ ತೀರ್ಮಾನದ ಕ್ರಮ. ಕ್ಷ-ಕಿರಣ ಸಾಮರ್ಥ್ಯ ಮಿತಿ ಮೀರಿದೆಯೇ, ಕಿರಣಗಳ ಹಂಚಿಕೆ ಮರೆಯನ್ನು ಸೂಚಿಸುತ್ತದೆಯೇ, ಬೆಳಕಿಗೆ ಹೋಲಿಸಿದರೆ ಕ್ಷ-ಕಿರಣ ಅತಿಯಾಗಿದೆಯೇ, ರೇಡಿಯೋಗೆ ಹೋಲಿಸಿದರೆ ಹೇಗೆ, ರೋಹಿತ ಏನನ್ನುತ್ತದೆ ಎಂದು ಬೇರೆ ಬೇರೆ ಸಾಕ್ಷಿಗಳನ್ನು ಕೇಳಿದ್ದಾರೆ. ಒಬ್ಬ ಸಾಕ್ಷಿ ಒಪ್ಪಿದರೂ ಸಕ್ರಿಯ ಕೇಂದ್ರ ಎಂದು ಪರಿಗಣಿಸಿದ್ದಾರೆ. ಇದು ಉದಾರವಾದ ನಿಯಮ, ನಿಜ. ಆದರೆ ಯಾವ ನಿಯಮ ಎಂಬುದು ಓದುಗನಿಗೆ ಕಾಣುತ್ತದೆ. 1,008 ಆಕರಗಳ ಬಾವಿಯಲ್ಲಿ ಇದು ಸಾಧ್ಯ. 9 ಲಕ್ಷದ ಕೆರೆಯಲ್ಲಿ ಕಷ್ಟ. ಹಾಗಿದ್ದರೂ ಬಾವಿಯ ಖಚಿತತೆಯ ಪದವನ್ನೇ ಕೆರೆಗೂ ಬಳಸುವುದು ಸರಿಯಲ್ಲ.

ಅಷ್ಟೇ ಅಲ್ಲ, 9 ಲಕ್ಷ ಆಕರಗಳೂ ನಿಜವಾದ ಆಕರಗಳೇ ಎಂದೂ ಹೇಳುವಂತಿಲ್ಲ. ಹಿನ್ನೆಲೆಯ ಫೋಟಾನುಗಳು ಆಕಸ್ಮಿಕವಾಗಿ ಒಂದೆಡೆ ಗುಂಪಾದರೂ ಚುಕ್ಕೆಯಂತೆ ಕಾಣುತ್ತದೆ. ಇರೊಸೀಟ ತಂಡ ಗಣಕದಲ್ಲಿ ಕೃತಕ ಆಕಾಶ ನಿರ್ಮಿಸಿ ಇಂಥ ಸುಳ್ಳು ಚುಕ್ಕೆಗಳ ಪ್ರಮಾಣವನ್ನು ಅಂದಾಜಿಸಿದೆ. ಪ್ರತಿ ಆಕರಕ್ಕೂ ಪತ್ತೆಯ ಬಲವನ್ನು ತಿಳಿಸುವ ಸಂಖ್ಯೆ ಕೊಟ್ಟಿದೆ. ಪ್ರಕಟಣೆಯ 9,02,000 ಲೆಕ್ಕದಲ್ಲಿ ಈ ಸುಳ್ಳು ಚುಕ್ಕೆಗಳಿಗೂ ಏನೋ ಒಂದು ಹೆಸರು ಸಿಕ್ಕಿರಲೇಬೇಕು.

ನೀವು ಈ ಪಟ್ಟಿಗಳನ್ನು ಬಳಸುವವರಾದರೆ ಮೊದಲು ಪತ್ತೆಯ ಬಲದ ಕಾಲಂ, ಆಮೇಲೆ ಜೋಡಿಯ ದರ್ಜೆಯ ಕಾಲಂ, ಆಮೇಲೆ ದೂರ ರೋಹಿತದ್ದೋ ಅಂದಾಜಿನದೋ ಎಂಬ ಕಾಲಂ ನೋಡಿ. ನಿಮ್ಮ ಫಲಿತಾಂಶವನ್ನು ಎರಡು ಸಲ ಲೆಕ್ಕ ಹಾಕಿ: ಒಮ್ಮೆ ಎಲ್ಲವನ್ನೂ ಸೇರಿಸಿ, ಮತ್ತೊಮ್ಮೆ ನಾಲ್ಕನೆಯ ದರ್ಜೆಯವನ್ನು ಮಾತ್ರ ಇಟ್ಟುಕೊಂಡು. ಎರಡು ಉತ್ತರಗಳು ಬೇರೆ ಬಂದರೆ ಅದೇ ನಿಮ್ಮ ಪ್ರಾಜೆಕ್ಟಿನ ನಿಜವಾದ ವಿಷಯ. ಇನ್ನೂ ಧೈರ್ಯವಿದ್ದರೆ ತಿರುಗಾಮುರುಗಾ ಮಾಡಿ: ಸೊನ್ನೆ ಮತ್ತು ಒಂದನೆಯ ದರ್ಜೆಯ 2,595 ಆಕರಗಳನ್ನು ಮಾತ್ರ ತೆಗೆದುಕೊಳ್ಳಿ. ಅವುಗಳಲ್ಲಿ ಪತ್ತೆಯ ಬಲ ಚೆನ್ನಾಗಿರುವವು ಎಷ್ಟು, ಅವುಗಳ ವೃತ್ತದಲ್ಲಿ ಆಳವಾದ ಅವಕೆಂಪು ಚಿತ್ರ ಏನು ತೋರಿಸುತ್ತದೆ ಎಂದು ಒಂದೊಂದಾಗಿ ನೋಡಬಹುದು. 835 ಆಕರಗಳನ್ನು ಒಂದೊಂದಾಗಿ ನೋಡಿದ ಕಾಲವೊಂದಿತ್ತು. 2,595 ಅದಕ್ಕಿಂತ ಬಹಳ ದೊಡ್ಡ ಸಂಖ್ಯೆಯೇನಲ್ಲ.